ಮರೀಗೌಡರ ಮನೆಯ ಹಾಲು-ತುಪ್ಪ

"ನಮ್ಮತ್ತೆ ಸತ್ತಿಲ್ಲ ಕಣ್ರೀ," ಎಂದಿತು ಫೋನಿನಲ್ಲಿದ್ದ ಗಂಡು ದನಿ. "ಇಲ್ಲೇ ಜಗಲಿ ಮೇಲೆ ಕೂತ್ಕಂಡು ಅವರೆಕಾಯಿ ಬಿಡಿಸ್ತಾವ್ರೆ. ಫೋನ್ ಕೊಡ್ಲಾ, ನೀವೇ ಮಾತಾಡ್ತೀರಾ?"

ಬೇಡ ಸರ್, ತಪ್ಪಾಗಿದೆ, ಕ್ಷಮಿಸಿ ಎಂದು ಹೇಳಿ ಸುಮಾ ಫೋನಿಟ್ಟಳು. ಇಡುವುದೇ ತಡ, ಇನ್ನೊಂದು ಬಂತು. ಶನಿವಾರ ಬೆಳಿಗ್ಗೆ ಒಂಟಿಕೊಪ್ಪಲಿನ ಆಫೀಸಿನ ಬೀಗ ತೆಗೆದಾಗಿನಿಂದ ಇದೇ ಪಾಡು. ಕರೆ ಮಾಡಿದವರಲ್ಲಿ ಕೆಲವರು ಬೈದರು, ಕೆಲವರು ನಕ್ಕರು, ಒಬ್ಬ ಹೆಂಗಸು ಏನೂ ಹೇಳದೆ ಬರೀ ಅತ್ತಳು. ಕಪಿಲಾಧಾರೆ ಡೈರಿಯ ಗ್ರಾಹಕರ ದೂರಿನ ನಂಬರನ್ನು ನೋಡಿಕೊಳ್ಳುವುದೂ ಸುಮಾಳ ಜಾಹೀರಾತು ಏಜೆನ್ಸಿಯ ಕೆಲಸವೇ ಆಗಿದ್ದರಿಂದ ಬೈಗುಳ ಬೇರೆಲ್ಲೂ ದಾರಿ ತಪ್ಪದೆ ನೇರ ಅವಳ ಕಿವಿಗೇ ಬಂದು ಬೀಳುತ್ತಿತ್ತು.

ಎಲ್ಲದಕ್ಕೂ ಕಾರಣ, ಹಿಂದಿನ ಸಂಜೆ ಡೈರಿಯ ಗ್ರಾಹಕರೆಲ್ಲರ ವಾಟ್ಸಾಪಿಗೆ ಹೋಗಿದ್ದ ಒಂದು ಕಾರ್ಡು. ಡೈರಿಯವರು ಹೊಸದಾಗಿ ತುಪ್ಪ ಮಾರಲು ಹೊರಟಿದ್ದರು. ಭಾನುವಾರ ಹಾಲು ಕೊಂಡವರಿಗೆ ತುಪ್ಪದ ಸಣ್ಣ ಪೊಟ್ಟಣವೊಂದು ಪುಕ್ಕಟೆ. ಕಾರ್ಡಿನಲ್ಲಿ ಆಯಾ ಮನೆಯ ಯಜಮಾನರ ಹೆಸರು ತಾನಾಗಿಯೇ ಮೂಡುವಂತೆ ಮಾಡಿ, ಲಗ್ನಪತ್ರಿಕೆಯ ಧಾಟಿಯಲ್ಲಿ ಬರೆಸಿದ್ದರು: ‘ಈ ಭಾನುವಾರ ಮರೀಗೌಡರ ಮನೆಯಲ್ಲಿ ಹಾಲು-ತುಪ್ಪ. ಬಂಧುಬಳಗಕ್ಕೆಲ್ಲ ತಿಳಿಸಿ.’ ಹಾಗೆ ತಿಳಿಸಿದವರಿಗೆ ಇನ್ನೊಂದು ಪೊಟ್ಟಣ. ಪುಕ್ಕಟೆ ಬಂದದ್ದನ್ನು ಯಾರು ಬಿಡುತ್ತಾರೆ? ಮನೆಮನೆಯ ಮಕ್ಕಳು ಹಿಂದುಮುಂದು ನೋಡದೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವ ಎಲ್ಲರಿಗೂ ದಾಟಿಸಿದ್ದವು.

ಮೈಸೂರು ಸೀಮೆಯಲ್ಲಿ ಹಾಲು ಅದರ ಪಾಡಿಗೆ ಅದು, ತುಪ್ಪ ಅದರ ಪಾಡಿಗೆ ಅದು ಇರುವವರೆಗೆ ಯಾವ ತಂಟೆಯೂ ಇಲ್ಲ. ಎರಡನ್ನೂ ಜೋಡಿಸಿ, ದಿನ ಗೊತ್ತುಮಾಡಿ, ಇಂಥವರ ಮನೆಯಲ್ಲಿ ಎಂದು ಹೇಳಿದಿರೋ, ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಮಣ್ಣು ಮಾಡಿದ ಮೂರನೆಯ ದಿನವೋ ಐದನೆಯ ದಿನವೋ ನೆಂಟರಿಷ್ಟರು ಕೂಡಿ ಹೋಗಿ ಸಮಾಧಿಯ ಮೇಲೆ ಹಾಲು ತುಪ್ಪ ಬಿಟ್ಟು ಬರುವ ಶಾಸ್ತ್ರ ಅದು. ಸಾಲದ್ದಕ್ಕೆ ಕಾರ್ಡಿನ ಬಣ್ಣ ಅಚ್ಚ ಬಿಳುಪು, ಮೂಲೆಯಲ್ಲೊಂದು ತುಪ್ಪದ ದೀಪ ಬೇರೆ ಉರಿಯುತ್ತಿತ್ತು.

ಅದನ್ನು ಬರೆದ ಮಾಲವಿಕಾ ತನ್ನ ಮೇಜಿನ ಮುಂದೆ ಅತ್ತು ಊದಿದ ಮುಖ ಹೊತ್ತು ಕೂತಿದ್ದಳು. ಅಪ್ಪನ ಕೇಂದ್ರ ಸರ್ಕಾರದ ನೌಕರಿಯಿಂದಾಗಿ ದೆಹಲಿಯಲ್ಲಿ ಬೆಳೆದು, ಮೈಸೂರಿಗೆ ಬಂದ ಮೇಲೆ ಹಟ ಹಿಡಿದು ಕನ್ನಡ ಕಲಿತ ಹುಡುಗಿ. ಆಫೀಸಿನ ಉಳಿದ ಮಕ್ಕಳಿಗಿಂತ ಅವಳ ಕನ್ನಡವೇ ಚೆನ್ನ. "ಮೇಡಂ, ನಾನು ಡಿಕ್ಷನರಿ ಕೂಡ ನೋಡಿದ್ದೆ," ಎಂದಳು. "ಹಾಲು ಅಂದ್ರೆ ಹಾಲು, ತುಪ್ಪ ಅಂದ್ರೆ ತುಪ್ಪ ಅಂತಲೇ ಇತ್ತು." ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದ ಮಾತು.

"ನೀವು ನೋಡಿ ಓಕೆ ಅಂದ್ರಲ್ಲ, ಅದಕ್ಕೇ ನಾನು ಧೈರ್ಯವಾಗಿದ್ದೆ," ಎಂದು ಮಾಲವಿಕಾ ಮೂಗೊರೆಸಿಕೊಂಡಳು. "ನಿಮಗೂ ಗೊತ್ತಿರಲಿಲ್ಲ, ಅಲ್ವಾ ಮೇಡಂ?"

"ಹೂಂ," ಎಂದಳು ಸುಮಾ.

ಸುಳ್ಳು. ಅವಳಿಗೆ ಗೊತ್ತಿತ್ತು.

ಸುಮಾ ಹುಟ್ಟಿ ಬೆಳೆದದ್ದು ಮೈಸೂರಿನ ಅಂಚಿನ ಕೆಸರೆಯಲ್ಲಿ. ಅವರ ಬೀದಿಯಲ್ಲಿ ಅದು ಹಾಲು-ತುಪ್ಪ ಅಲ್ಲ, ಆಲುತುಪ್ಪ. ಹ ಎಂಬ ಅಕ್ಷರ ಆ ಬೀದಿಯ ಯಾರ ನಾಲಿಗೆಗೂ ಹತ್ತಿದ್ದಿಲ್ಲ. ಡಿಗ್ರಿ ಮುಗಿಸಿ ರೆಸಾರ್ಟೊಂದರ ಬುಕಿಂಗ್ ಕೌಂಟರಿನಲ್ಲಿ ಫೋನೆತ್ತುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಗಿರಾಕಿಗೆ ‘ಎಂಗಿದ್ದೀರಾ ಸರ್’ ಎಂದದ್ದಕ್ಕೆ ಕೌಂಟರಿನವರು ಬಹಳ ದಿನ ಅವಳನ್ನು ‘ಎಂಗಿದ್ದೀರಾ’ ಎಂದೇ ಕರೆದರು. ಆಗ ಅವಳು ಬಚ್ಚಲ ಬಾಗಿಲು ಹಾಕಿಕೊಂಡು ಹ ಕಲಿತಳು. ಹ ಬಂದ ಮೇಲೆ ಇಂಗ್ಲಿಷು ಬಂತು, ರೆಸಾರ್ಟಿನ ಫೇಸ್‌ಬುಕ್ ಪುಟ ಅವಳ ಕೈಗೆ ಬಂತು, ಆಮೇಲೆ ಹೋಟೆಲುಗಳು, ಸೀರೆ ಅಂಗಡಿಗಳು, ಕೊನೆಗೆ ಸ್ವಂತದ್ದೇ ಒಂದು ಏಜೆನ್ಸಿ, ನವಿಲುಗರಿ ಡಿಜಿಟಲ್. ಯಾವ ಹೊತ್ತಿಗೆ ಯಾರ ಫೋನಿನಲ್ಲಿ ಏನು ಕಾಣಿಸಿದರೆ ಅವರು ಕೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತಾದಷ್ಟು ಆ ಊರಿನಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ ಎನ್ನುತ್ತಿದ್ದರು. ಕಾಲೇಜುಗಳಲ್ಲಿ ಕರೆದು ಭಾಷಣ ಮಾಡಿಸುತ್ತಿದ್ದರು.

ಈಗ ಅವಳ ಮಾತು ಕೇಳಿ ಯಾವ ಕಡೆಯವಳೆಂದು ಯಾರೂ ಹೇಳಲಾರರು. ಹೇಳಲಾರರು ಎಂಬುದೇ ಅವಳ ನೆಮ್ಮದಿ. ಯಾವೂರು ನಿಮ್ಮದು ಎಂದು ಗಿರಾಕಿಗಳು ಕೇಳಿದರೆ ‘ಮೈಸೂರೇ’ ಎಂದು ನಕ್ಕುಬಿಡುವಳು. ಅದರ ಹಿಂದೆಯೇ ಇನ್ನೊಂದು ಬರುತ್ತದಲ್ಲ, ‘ಯಾರ ಪೈಕಿ’ ಎಂದು ಜಾತಿ ಕೆದಕುವ ಪ್ರಶ್ನೆ, ಅದು ಬಾಯಿಗೆ ಬರುವ ಮೊದಲೇ ಮಾತು ತಿರುಗಿಸುವುದು ಅವಳಿಗೆ ಕರಗತವಾಗಿತ್ತು. ಒಂದು ಸಲ ಹೇಳಿದ ಮೇಲೆ ತನ್ನ ಕೆಲಸ ಮೊದಲಿನಷ್ಟೇ ಚೆನ್ನಾಗಿ ಕಾಣಿಸುತ್ತದೋ ಇಲ್ಲವೋ ಎಂಬ ಅನುಮಾನ ಅವಳನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಹೋದ ವಾರ ಡೈರಿಯ ಮೀಟಿಂಗಿನಲ್ಲಿ ಆ ಕಾರ್ಡು ಪರದೆಯ ಮೇಲೆ ಮೂಡಿದಾಗ ಅವಳ ಎದೆ ಧಸಕ್ಕೆಂದಿತ್ತು. ಡೈರಿಯ ಮಾಲೀಕ ನಂಜುಂಡಸ್ವಾಮಿ ಅಂದು ಬಂದಿರಲಿಲ್ಲ, ಅವರ ಭಾವನಿಗೆ ಲಕ್ವ ಹೊಡೆದಿದೆಯೆಂದು ಆಸ್ಪತ್ರೆಗೆ ಓಡಾಡುತ್ತಿದ್ದರು. ಇದ್ದವರು ಮಾರ್ಕೆಟಿಂಗ್ ಮ್ಯಾನೇಜರ್ ಪ್ರೇಮ್‌ಕುಮಾರ್, ಬಳ್ಳಾರಿ ಕಡೆಯವರು. "ಭಾಳ ಚೆಂದ ಐತ್ರಿ ಲೈನು," ಎಂದು ಅವರು ಮೇಜು ತಟ್ಟಿದರು. ಸುಮಾ ಬಾಯಿ ತೆರೆದವಳು ಮುಚ್ಚಿದಳು. ಇದು ಎಲ್ಲರ ಶಾಸ್ತ್ರವೋ, ಬರೀ ನಮ್ಮ ಬೀದಿಯದೋ? ಅವಳಿಗೆ ನಿಜಕ್ಕೂ ತಿಳಿಯದು. ಎಲ್ಲರದೂ ಆಗಿದ್ದರೆ ಬೇರೆ ಯಾರಾದರೂ ಹೇಳಿಯಾರು. ನಮ್ಮದು ಮಾತ್ರವಾಗಿದ್ದರೆ, ನಿಮಗೆ ಹೇಗೆ ಗೊತ್ತು ಮೇಡಂ ಎಂದು ಕೇಳಿಯಾರು. ಅಷ್ಟಕ್ಕೂ ಪರದೆಯ ಮೇಲಿದ್ದದ್ದು ನಡುವೆ ಅಡ್ಡಗೆರೆ ಎಳೆದು ಚೆಂದದ ಅಕ್ಷರದಲ್ಲಿ ಬರೆದ ಹಾಲು-ತುಪ್ಪ. ಹ ಎಷ್ಟು ದಪ್ಪಗಿತ್ತೆಂದರೆ ತಮ್ಮ ಬೀದಿಯ ಆಲುತುಪ್ಪಕ್ಕೂ ಅದಕ್ಕೂ ಸಂಬಂಧವೇ ಇರಲಾರದು ಎಂದು ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಂಡಿತು. "ಚೆನ್ನಾಗಿದೆ, ಕಳಿಸಿ," ಎಂದಿದ್ದಳು.

ಕೆಸರೆಯಿಂದ ಅಮ್ಮ ತಿಮ್ಮಮ್ಮನ ಫೋನು ಬಂದಾಗ ಸುಮಾ ಎದ್ದು ಮಹಡಿಯ ಮೆಟ್ಟಿಲಿಗೆ ಹೋದಳು.

"ಅದ್ಯಾವ್ದೋ ಡೈರಿಯೋರು ಬದ್ಕಿರೋರ್ಗೆಲ್ಲ ಆಲುತುಪ್ಪ ಬುಡ್ತಾವ್ರಂತೆ. ನಿಮ್ ಆಫೀಸಿಂದೇ ಅಂದ ನಿನ್ ತಮ್ಮ. ದಿಟವಾ?"

"ಒಂದು ಹುಡುಗಿ ಬರೆದದ್ದಮ್ಮ. ದೆಹಲೀಲಿ ಬೆಳೆದೋಳು. ಅವಳಿಗೆ ಗೊತ್ತಿರ್ಲಿಲ್ಲ."

"ಅವ್ಳಿಗೆ ಗೊತ್ತಿರ್ನಿಲ್ಲ, ಸರಿ. ನೀನು ನೋಡ್ನಿಲ್ವಾ?"

ಸುಮಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಿಮ್ಮಪ್ಪನ್ಗೆ ನೀನೇ ಬುಟ್ಟಿದ್ದಲ್ಲವ್ವ," ಎಂದಳು ತಿಮ್ಮಮ್ಮ. ಬೈಯುವ ದನಿಯಲ್ಲಿ ಅಲ್ಲ, ಮಗಳು ಮರೆತಿದ್ದರೆ ನೆನಪಿಸೋಣ ಎಂಬಂತೆ. ಸುಮಾಳ ಅಪ್ಪ ಬೆಟ್ಟಯ್ಯ ತೀರಿಕೊಂಡಾಗ, ಗಂಡುಮಗನೇ ಬಿಡಬೇಕು ಎಂದು ಯಾರೋ ದೊಡ್ಡವರು ತಕರಾರು ತೆಗೆದಿದ್ದರು. ಅವರ ಮಾತಿಗೆ ಸೊಪ್ಪು ಹಾಕದೆ ತಿಮ್ಮಮ್ಮ ಹಾಲಿನ ಲೋಟವನ್ನು ಮಗಳ ಕೈಗೇ ಇಟ್ಟಿದ್ದಳು. ಆಮೇಲೆ ಮಾಡುತ್ತೇನೆಂದು ಹೇಳಿ ಸುಮಾ ಫೋನಿಟ್ಟಳು.

ಆ ಹೊತ್ತಿಗೇ ನಂಜುಂಡಸ್ವಾಮಿಯವರ ಕರೆ ಬಂತು. "ಮೇಡಂ, ಡೈರಿ ಹತ್ರ ಬರ್ಬೇಡಿ. ಹೂಟಗಳ್ಳಿ ಹಳೇ ಊರೊಳಗೆ ನಮ್ಮಕ್ಕನ ಮನೆ ಅದೆ, ಅಲ್ಲಿಗೆ ಬನ್ನಿ. ಬರ್ದಿರೋ ಹುಡ್ಗೀನೂ ಕರ್ಕಂಡು ಬನ್ನಿ." ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಏಜೆನ್ಸಿಯ ಅರ್ಧ ಕೆಲಸ ಆ ಡೈರಿಯದು. ಅದು ಕೈಬಿಟ್ಟರೆ ಆಫೀಸಿನ ಅರ್ಧದಷ್ಟು ಮಕ್ಕಳನ್ನು ಮನೆಗೆ ಕಳಿಸಬೇಕಾದೀತು. ಹೂಟಗಳ್ಳಿಯ ಫ್ಯಾಕ್ಟರಿಗಳವರೆಲ್ಲ ನಂಜುಂಡಸ್ವಾಮಿಯವರ ಮಾತಿಗೆ ಬೆಲೆ ಕೊಡುವವರು. ಅವರು ಒಲ್ಲೆನೆಂದರೆ ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಸರಿಯುವುದು ಖಂಡಿತ.

ಹುಣಸೂರು ರಸ್ತೆಯುದ್ದಕ್ಕೂ ಮಾಲವಿಕಾ ಕಾರಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ನನ್ನ ಕೆಲಸ ಹೋಗುತ್ತಾ ಮೇಡಂ?" ಎಂದು ಒಮ್ಮೆ ಕೇಳಿದಳು.

"ನೋಡೋಣ," ಎಂದಳು ಸುಮಾ. ನೋಡೋಣ ಎನ್ನುವುದು ಹೇಡಿಗಳ ಉತ್ತರ ಎಂದು ಅವಳಿಗೆ ಗೊತ್ತಿತ್ತು. ಈಗಲೇ ಹೇಳಿಬಿಡಲೇ ಎಂದು ಪ್ರತಿ ಸಿಗ್ನಲ್ಲಿನಲ್ಲೂ ಅನ್ನಿಸಿತು. ಹಸಿರು ದೀಪ ಬಂದಾಗಲೆಲ್ಲ ಹಿಂದಿನ ಗಾಡಿಯವರು ಹಾರನ್ನು ಹೊಡೆದು ಅವಳನ್ನು ಪಾರುಮಾಡಿದರು.

ಮನೆ ಹುಡುಕುವ ಕಷ್ಟವೇ ಬರಲಿಲ್ಲ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಶಾಮಿಯಾನದವನು ಯಾರೂ ಹೇಳದಿದ್ದರೂ ಕಂಬಗಳನ್ನು ಇಳಿಸಿಕೊಂಡು, ಈಗ ನಿಲ್ಲಿಸುವುದೋ ಮತ್ತೆ ಹೇರುವುದೋ ತಿಳಿಯದೆ ಬೀಡಿ ಸೇದುತ್ತಾ ಕೂತಿದ್ದ. ಒಳಗೆ ಹಜಾರದ ಮಂಚದ 
ಮೇಲೆ ನಂಜುಂಡಸ್ವಾಮಿಯವರ ಭಾವ ಮರೀಗೌಡರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಲಕ್ವದಿಂದ ಮಾತು ನಿಂತುಹೋಗಿತ್ತು. ಬಂದವರು ಒಬ್ಬೊಬ್ಬರಾಗಿ ಹತ್ತಿರ ಹೋಗಿ ಮುಖ ನೋಡಿ, ಉಸಿರಾಡುತ್ತಿರುವುದು ಖಾತ್ರಿಯಾದ ಮೇಲೆ ಮುಂದೇನು ಹೇಳಬೇಕೋ ತೋಚದೆ, ‘ಊಟ ಆಯ್ತಾ ಗೌಡ್ರೆ’ ಎಂದು ಕೇಳಿ ಹಿಂದೆ ಸರಿಯುತ್ತಿದ್ದರು. ಇವರೆಲ್ಲ ಯಾಕೆ ಬಂದಿದ್ದಾರೆಂದು ಮರೀಗೌಡರಿಗೆ ಅರ್ಥವಾಗಿತ್ತು. ಒಂದು ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಅವರ ಹೆಂಡತಿ ಮಂಗಳಮ್ಮ ಪಕ್ಕದಲ್ಲಿ ಕೂತು ಅದನ್ನು ಬಟ್ಟೆಯಿಂದ ಒರೆಸುತ್ತಿದ್ದರು.

ಜಗಲಿಯ ಮೇಲೆ ನಾಲ್ಕಾರು ಹಿರಿಯರ ನಡುವೆ ನಂಜುಂಡಸ್ವಾಮಿ ಕೂತಿದ್ದರು. ಸುಮಾಳನ್ನು ಕಂಡು ಎದ್ದು ಕುರ್ಚಿ ತೋರಿಸಿದರು. "ಕೂತ್ಕಳಿ ಮೇಡಂ." ಮಾಲವಿಕಾಳ ಕಡೆ ನೋಡಿ, "ಇವ್ಳೇನಾ?" ಎಂದರು.

ಮಾಲವಿಕಾ ಕೈಮುಗಿದಳು.

"ನೋಡವ್ವ, ನಮ್ ಭಾವ ಆಸ್ಪತ್ರೆಯಿಂದ ಬಂದು ಇನ್ನೂ ಒಂದ್ ವಾರ ಆಗಿಲ್ಲ. ನಿನ್ ಕಾರ್ಡ್‌ನ ಮೊಮ್ಮಗ ಅವ್ರ ಮುಂದೆನೇ ಜೋರಾಗಿ ಓದ್ದ. ಕೇಳಿಸ್ಕಂಡ್ರು. ನಿನ್ನೆ ಸಂಜೆಯಿಂದ ಹಾಲು ಬಾಯಿಗೆ ಹಾಕುದ್ರೆ ಉಗೀತಾವ್ರೆ." ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಸುಮಾಳ ಕಡೆ ತಿರುಗಿದರು. "ನಿಮ್ಮನ್ನ ನಾನೇನೂ ಅನ್ನಕ್ಕಿಲ್ಲ ಮೇಡಂ. ನಿಮಗೆ ಗೊತ್ತಿರಕ್ಕಿಲ್ಲ ಬುಡಿ, ಪೇಟೆಯೋರು. ನಮ್ಮಂತ ಹಳ್ಳಿ ಜನದ ಶಾಸ್ತ್ರ ನಿಮ್ಗೆ ಎಲ್ಲಿ ಗೊತ್ತಾಯ್ತದೆ? ಆದ್ರೆ ಬಂದಿರೋ ಜನಕ್ಕೆ ನಾನು ಒಂದ್ ಮಾತು ಹೇಳ್ಬೇಕು. ಬರ್ದೋರ್ನ ಕೆಲಸದಿಂದ ತೆಗ್ದವ್ರೆ ಅಂತ. ಅಷ್ಟಾದ್ರೆ ಸಾಕು. ನಮ್ದು ನಿಮ್ದು ಎಂದಿನಂಗೇ ನಡೀತದೆ."

ತಲೆಯಾಡಿಸಿದರೆ ಮುಗಿಯುತ್ತಿತ್ತು. ಪೇಟೆಯವರು ಎಂದು ಇಂಥವರೊಬ್ಬರು ಹಿರಿಯರ ಮುಂದೆ ಅನ್ನಬೇಕೆಂದೇ ಅವಳು ಇಷ್ಟು ವರ್ಷ ನಾಲಿಗೆಯನ್ನು ಪಳಗಿಸಿದ್ದು. ಅಂದರು. ಅನ್ನುವಾಗ ನಂಬಿಯೇ ಅಂದರು. ಸುಮಾಳಿಗೆ ಸಂತೋಷವಾಗಲಿಲ್ಲ. ಪಕ್ಕದಲ್ಲಿ ಮಾಲವಿಕಾ ಮುಗಿದ ಕೈಯನ್ನು ಇನ್ನೂ ಇಳಿಸದೆ ನಿಂತಿದ್ದಳು, ಇಳಿಸಬಹುದೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

"ಗೊತ್ತಿತ್ತು," ಎಂದಳು ಸುಮಾ.

"ಏನು?"

"ನಂಗೆ ಗೊತ್ತಿತ್ತು. ಇವ್ಳಿಗೆ ಗೊತ್ತಿರ್ಲಿಲ್ಲ. ನಾನು ಓದಿ, ಗೊತ್ತಿದ್ದೂ ಕಳ್ಸು ಅಂದೆ." ನಾಲಿಗೆ ಕೆಸರೆಯ ಕಡೆಗೆ ಜಾರತೊಡಗಿತು. ಇನ್ನು ಅದನ್ನು ಹಿಡಿದು ನಿಲ್ಲಿಸುವುದು ಅವಳಿಂದ ಆಗಲಿಲ್ಲ. "ನಮ್ಮಪ್ಪನ್ಗೆ ಆಲುತುಪ್ಪ ನಾನೇ ಬುಟ್ಟಿದ್ದು, ನನ್ ಕೈಯಾರ."

ನಂಜುಂಡಸ್ವಾಮಿ ಅವಳನ್ನು ಅಂದೇ ಮೊದಲು ಕಂಡವರಂತೆ ನೋಡಿದರು.

"ಯಾವೂರು ನಿಮ್ದು?"

"ಕೆಸರೆ."

"ಕೆಸರೇಲಿ ಯಾರ ಪೈಕಿ?"

"ಬೆಟ್ಟಯ್ಯನ ಮಗಳು. ಅಂಬೇಡ್ಕರ್ ಭವನದ ಹಿಂದ್ಗಡೆ ಬೀದಿ."

ಒಬ್ಬ ಹಿರಿಯರು ಎಲೆಯಡಿಕೆ ಸಂಚಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು. "ಓ," ಎಂದರು ನಂಜುಂಡಸ್ವಾಮಿ. ಅಷ್ಟೇ. ಆ ಓ ಒಳಗೆ ಏನಿದೆಯೆಂದು ಅಳೆಯಲು ಸುಮಾ ಹೆಣಗಿದಳು. ಅಸಹ್ಯವಿರಲಿಲ್ಲ, ಇಲ್ಲವೆಂದು ಆಣೆ ಮಾಡಿ ಹೇಳುವಂತೆಯೂ ಇರಲಿಲ್ಲ. ಕಿವಿಯ ಬುಡ ಬಿಸಿಯಾಗಿ, ಎದ್ದು ನಿಲ್ಲಬೇಕೋ ಕೂತೇ ಇರಬೇಕೋ ತಿಳಿಯದೆ ಕುರ್ಚಿಯ ಅಂಚಿಗೆ ಸರಿದಳು.

ಒಳಗಿನಿಂದ ಮಂಗಳಮ್ಮ ಎದ್ದು ಬಂದರು. ಕಣ್ಣೊರೆಸುತ್ತಿದ್ದ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. "ಅದೆಲ್ಲ ಯಾಕೆ ಕೇಳ್ತೀಯೋ ಸ್ವಾಮಿ, ಬುಡು," ಎಂದು ತಮ್ಮನಿಗೆ ಹೇಳಿ, ಸುಮಾಳ ಎದುರಿಗೆ ಬಂದು ನಿಂತರು.

"ಗೊತ್ತಿದ್ದೂ ಕಳ್ಸಿದ್ಯಾ, ಮಗ?"

ಸುಮಾ ಎದ್ದು ನಿಂತಳು. ‘ಯಾರ ಪೈಕಿ’ ಎಂಬುದಕ್ಕಾದರೆ ಅವಳು ಇಷ್ಟು ವರ್ಷ ಹತ್ತಾರು ಉತ್ತರ ಜೋಡಿಸಿಟ್ಟುಕೊಂಡಿದ್ದಳು. ಇದು ಆ ಪ್ರಶ್ನೆಯಾಗಿರಲಿಲ್ಲ.

"ಹೂಂ ಕಣವ್ವ."

"ಯಾಕೆ?"

"ಎದ್ರಿಕೆ ಆಯ್ತು."

"ಯಾರ್ನ ಕಂಡು?"

ಸುಮಾ ತಲೆ ತಗ್ಗಿಸಿದಳು. ಜಗಲಿಯ ಮೇಲಿದ್ದವರನ್ನು ನೋಡಲಿಲ್ಲ. ಮಂಗಳಮ್ಮನೇ ಒಂದು ಸಲ ಅತ್ತ ನೋಡಿದರು, ತಮ್ಮನ ಮುಖವನ್ನೂ ನೋಡಿದರು. ಅವರಿಗೆ ಏನು ಅರ್ಥವಾಯಿತೋ, ಆದರೂ ದನಿ ಮೆತ್ತಗಾಗಲಿಲ್ಲ.

"ನಿನ್ ಎದ್ರಿಕೆಗೆ ನನ್ ಗಂಡನ್ನ ಗುಂಡಿಗೆ ಇಳ್ಸುದ್ಯಲ್ಲವ್ವ," ಎಂದರು.

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಅಳಬಾರದೆಂದು ಸುಮಾ ತುಟಿ ಕಚ್ಚಿದಳು. ಇಲ್ಲಿ ಅಳುವ ಹಕ್ಕು ತನ್ನದಲ್ಲ ಎಂಬುದಷ್ಟೇ ಆಗ ಅವಳಿಗೆ ಸ್ಪಷ್ಟವಾಗಿ ತಿಳಿದದ್ದು.

"ಇನ್ನೂ ಬರ್ತಾನೇ ಅವ್ರೆ ಜನ," ಎಂದರು ಮಂಗಳಮ್ಮ. "ಅತ್ಕಂಡು ಒಳಕ್ಕೆ ಬಂದ್ರೆ ನಮ್ ಯಜಮಾನ್ರು ನೋಡ್ತಾರೆ. ಓಗು, ಗೇಟ್ ಹತ್ರ ನಿಂತ್ಕೊ. ನೀನೇ ಕಳ್ಸಿರೋದು, ನೀನೇ ಹೇಳು." ಹೇಳಿದವರು ಹಿಂತಿರುಗಿ ನೋಡದೆ ಗಂಡನ ಮಂಚದ ಕಡೆ ಹೋದರು.

ನಂಜುಂಡಸ್ವಾಮಿ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು. "ಸೋಮವಾರ ಪ್ರೇಮ್‌ಕುಮಾರ್ ಫೋನ್ ಮಾಡ್ತಾರೆ," ಎಂದರು. ಏನು ಹೇಳಲು ಎಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮಾತಿನ ಕೊನೆಗೆ ಮೇಡಂ ಇರಲಿಲ್ಲ ಎಂಬುದನ್ನು ಮಾತ್ರ ಸುಮಾ ಗಮನಿಸಿದಳು. ಅದು ಕಾರ್ಡಿಗಾಗಿ ಹೋಯಿತೋ ಕೆಸರೆಗಾಗಿ ಹೋಯಿತೋ, ಸೋಮವಾರ ಬಂದರೂ ತನಗೆ ಗೊತ್ತಾಗುವುದಿಲ್ಲ ಎಂದುಕೊಂಡಳು.

ಗೇಟಿನ ಬಳಿ ಬಂದು ಮಾಲವಿಕಾಳಿಗೆ, "ನೀನು ಆಟೋ ಹಿಡ್ಕೊಂಡು ಹೋಗು. ಸೋಮವಾರ ಎಂದಿನಂತೆ ಬಾ. ನಿನ್ನ ಕೆಲಸ ಎಲ್ಲೂ ಹೋಗಲ್ಲ," ಎಂದಳು. ಮಾಲವಿಕಾ ಏನೋ ಕೇಳಲು ಬಾಯಿ ತೆರೆದಳು. ಬೆಳಿಗ್ಗೆಯ ‘ಹೂಂ’ ಅವಳಿಗೆ ನೆನಪಾಗಿರಬೇಕು. ಕೇಳದೆ, ಥ್ಯಾಂಕ್ಸನ್ನೂ ಹೇಳದೆ, ಬೀದಿಯ ತುದಿಯವರೆಗೆ ನಡೆದು ಹೋದಳು.

ಬಿಸಿಲು ಏರಿತ್ತು. ಸುಮಾ ವೇಲನ್ನು ತಲೆಯ ಮೇಲೆ ಎಳೆದುಕೊಂಡು ನಿಂತಳು. ಬೈಕಿನಲ್ಲಿ ಇಬ್ಬರು ಬಂದರು. ಆಮೇಲೆ ಒಂದು ಗೂಡ್ಸ್ ಆಟೋದ ಹಿಂದೆ ಕೂತು ಹೆಂಗಸರ ಗುಂಪೊಂದು ಬಂತು, ಇಳಿಯುವ ಮೊದಲೇ ರಾಗ ಎಳೆಯುತ್ತಾ. ಸುಮಾ ಎರಡೂ ಕೈ ಚಾಚಿ ಅಡ್ಡ ಹೋದಳು. "ಅಳ್ಬೇಡಿ ಕಣಕ್ಕ, ಅವ್ರೆ. ಒಳಗವ್ರೆ. ಚೆನ್ನಾಗವ್ರೆ," ಎಂದಳು. ಅವರು ನಂಬಲಿಲ್ಲ. "ಹಂಗಾರೆ ಆ ಕಾಗ್ದ?" ಎಂದಳು ಒಬ್ಬಳು. "ಅದು ಸುಳ್ಳು. ನಾನೇ ಕಳ್ಸಿದ್ದು," ಎಂದಳು ಸುಮಾ. ಆ ಮಾತನ್ನು ಬಂದವರಿಗೆಲ್ಲ ಮತ್ತೆ ಮತ್ತೆ ಹೇಳಬೇಕಾಯಿತು. ಕೆಲವರು ಮುಖಕ್ಕೆ ಹೊಡೆದಂತೆ ಬೈದು ಒಳಗೆ ಹೋದರು. ಜೇಬಿನಲ್ಲಿ ಫೋನು ಅದರುತ್ತಲೇ ಇತ್ತು, ಅವಳು ತೆಗೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಆಟೋದಿಂದ ಮುದುಕಿಯೊಬ್ಬಳು ಒಂಟಿಯಾಗಿ ಇಳಿದಳು. ಕಾಲು ಎಳೆಯುತ್ತಾ ಬಂದವಳು ಗೇಟಿನ ಕಂಬ ಹಿಡಿದು ನಿಂತು ದಮ್ಮು ಸುಧಾರಿಸಿಕೊಂಡಳು. "ಎಷ್ಟೊತ್ನಲ್ಲಿ ಓದ್ನವ್ವ ನನ್ ತಮ್ಮ?" ಎಂದಳು.

"ಓಗಿಲ್ಲ ಕಣಜ್ಜಿ, ಅವ್ರೆ," ಎಂದು ಸುಮಾ ಅವಳ ಕಿವಿಯ ಹತ್ತಿರ ಬಾಗಿದಳು. "ಬದ್ಕವ್ರೆ. ಒಳಗೆ ಮಂಚದ ಮೇಲೆ ಕೂತವ್ರೆ, ಓಗಿ ನೋಡಿ."

ಮುದುಕಿ ಅವಳ ಬಾಯನ್ನೇ ನೋಡಿದಳು. ಆಮೇಲೆ ಕಂಕುಳಲ್ಲಿದ್ದ ಬಾಳೆಎಲೆಯ ಪೊಟ್ಟಣವನ್ನು ಬಿಚ್ಚಿ, ಒಳಗಿದ್ದ ಸೇವಂತಿಗೆ ಹಾರವನ್ನು ತೆಗೆದು ಸುಮಾಳ ಕೈಗೆ ತುರುಕಿ, ಸೆರಗಿನಿಂದ ಮುಖವನ್ನು ಒತ್ತಿ ಒತ್ತಿ ಒರೆಸಿಕೊಂಡು ಒಳಗೆ ಹೋದಳು.

ಹಾರ ಇನ್ನೂ ಒದ್ದೆಯಾಗಿತ್ತು. ಬೀದಿಗೆ ಎಸೆಯುವಂತಿಲ್ಲ, ಒಳಗೆ ಕೊಂಡೊಯ್ಯುವಂತೆ ಮೊದಲೇ ಇಲ್ಲ. ಸುಮಾ ಅದನ್ನು ವೇಲಿನ ಮರೆಗೆ ಹಿಡಿದುಕೊಂಡು, ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡ ಇನ್ನೊಂದು ಆಟೋದ ಕಡೆಗೆ ಕೈ ಎತ್ತಿದಳು.